ಹ್ಯಾಶೋ, ಪೌಂಡೋ, ಶಾರ್ಪೋ? # ಚಿಹ್ನೆಯ ಹೆಸರುಗಳ ಹಿಂದಿನ ಕತೆ

ಪ್ರಶ್ನೆ: ಫೋನಿನಲ್ಲಿ ಬೇರೆ ಬೇರೆ ದೇಶದ ಗ್ರಾಹಕರಿಗೆ ಸಹಾಯ ಮಾಡುವ ಕೆಲಸ ನನ್ನದು. # ಒತ್ತಿ ಎಂದು ಹೇಳಬೇಕಾದಾಗಲೆಲ್ಲ ಗೊಂದಲ. ‘ಹ್ಯಾಶ್’ ಎಂದರೆ ಕೆಲವು ಅಮೆರಿಕನ್ನರು ‘ಯಾವುದದು?’ ಎನ್ನುತ್ತಾರೆ. ‘ಪೌಂಡ್’ ಎಂದರೆ ಬ್ರಿಟನ್ನಿನವರು £ ಹುಡುಕುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ‘ಹ್ಯಾಶ್‌ಟ್ಯಾಗ್’ ಅಂತಾರೆ. ಪ್ರೋಗ್ರಾಮರ್ ಗೆಳೆಯನೊಬ್ಬ ‘ಶಾರ್ಪ್’ ಅನ್ನುತ್ತಾನೆ. ಇದರ ಅಸಲಿ ಹೆಸರು ‘ಆಕ್ಟೋಥಾರ್ಪ್’ ಅಂತ ಇನ್ನೊಬ್ಬರು ಹೇಳಿದರು. ಇದರಲ್ಲಿ ಯಾವುದು ಸರಿ? ಒಂದೇ ಚಿಹ್ನೆಗೆ ಇಷ್ಟೊಂದು ಹೆಸರು ಬಂದದ್ದು ಹೇಗೆ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹ್ಯಾಶ್, ಪೌಂಡ್ ಎರಡೂ ಸರಿ. ಯಾವುದನ್ನು ಬಳಸಬೇಕು ಅನ್ನುವುದು ನೀವು ಯಾವ ದೇಶದವರ ಜೊತೆ ಮಾತಾಡುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಆಕ್ಟೋಥಾರ್ಪ್ ಟೆಲಿಫೋನ್ ಎಂಜಿನಿಯರುಗಳು ಇಟ್ಟ ಹೆಸರು, ಅದೂ ಅರ್ಧ ತಮಾಷೆಗೆ. ಶಾರ್ಪ್ ಅನ್ನುವುದು ಬೇರೆಯದೇ ಚಿಹ್ನೆ. ಹ್ಯಾಶ್‌ಟ್ಯಾಗ್ ಅಂತೂ ಈ ಚಿಹ್ನೆಯ ಹೆಸರೇ ಅಲ್ಲ. ಇನ್ನು ‘ಅಧಿಕೃತ’ ಹೆಸರೇ ಬೇಕು ಅಂದರೆ, ಕಂಪ್ಯೂಟರ್ ಅಕ್ಷರಗಳ ಜಾಗತಿಕ ಪಟ್ಟಿಯಾದ ಯೂನಿಕೋಡ್ ಇದನ್ನು ‘ನಂಬರ್ ಸೈನ್’ ಎಂದು ಕರೆಯುತ್ತದೆ. ಫೋನಿನಲ್ಲಿ ಹಾಗಂದರೆ ಗ್ರಾಹಕರು ಇನ್ನಷ್ಟು ತಬ್ಬಿಬ್ಬಾಗುತ್ತಾರೆ, ಅದು ಬೇರೆ ಮಾತು.

ಇಷ್ಟು ಹೆಸರು ಯಾಕೆ ಅಂದರೆ, ಈ ಚಿಹ್ನೆಗೆ ತನ್ನದೇ ಅನ್ನುವ ಖಾಯಂ ಕೆಲಸ ಉಳಿದಿರಲಿಲ್ಲ. ಪ್ರಶ್ನಾರ್ಥಕಕ್ಕೆ ಒಂದು ಕೆಲಸ ಇದೆ, ಅಲ್ಪವಿರಾಮಕ್ಕೆ ಒಂದು ಕೆಲಸ ಇದೆ. # ಮಾತ್ರ ಕೀಲಿಮಣೆಯ ಮೇಲೆ ಸುಮ್ನೆ ಕೂತಿತ್ತು. ಯಾರಿಗೆಲ್ಲ ಒಂದು ಬಿಡಿ ಚಿಹ್ನೆ ಬೇಕಾಯಿತೋ ಅವರೆಲ್ಲ ಅದನ್ನು ಎತ್ತಿಕೊಂಡರು. ಎತ್ತಿಕೊಂಡವರು ತಮಗೆ ತೋಚಿದ ಹೆಸರಿಟ್ಟರು.

ಹಾಗಂತ ಹುಟ್ಟುವಾಗಲೇ ಅದು ನಿರುದ್ಯೋಗಿಯಾಗಿರಲಿಲ್ಲ. ರೋಮನ್ನರ ಕಾಲದಲ್ಲಿ ತೂಕವನ್ನು ‘ಲಿಬ್ರಾ ಪಾಂಡೋ’ ಎಂದು ಹೇಳುತ್ತಿದ್ದರು. ಲಿಬ್ರಾ ಅಂದರೆ ತಕ್ಕಡಿ, ಒಂದು ತೂಕದ ಅಳತೆಯೂ ಹೌದು. ಪಾಂಡೋ ಅಂದರೆ ‘ತೂಕದಲ್ಲಿ’. ಇಂಗ್ಲಿಷಿಗೆ ಎರಡನೆಯ ಪದದಿಂದ ‘ಪೌಂಡ್’ ಎಂಬ ಮಾತು ಬಂತು. ಬರೆಯುವಾಗ ಮಾತ್ರ ಮೊದಲ ಪದದ ಎಲ್ ಮತ್ತು ಬಿ ಅಕ್ಷರಗಳನ್ನೇ ಬಳಸಿದರು. ಪೌಂಡ್ ಎಂದು ಓದುತ್ತೇವೆ, ಎಲ್‌ಬಿ ಎಂದು ಬರೆಯುತ್ತೇವೆ. ಈ ವಿಚಿತ್ರಕ್ಕೆ ಕಾರಣ ಇದೇ.

ಮುಂದೆ ಮಧ್ಯಯುಗದ ಲಿಪಿಕಾರರಿಗೆ ಒಂದು ಅಭ್ಯಾಸವಿತ್ತು. ಪದವನ್ನು ಮೊಟಕು ಮಾಡಿದ್ದೇವೆ ಎಂದು ತೋರಿಸಲು ಅಕ್ಷರಗಳ ತಲೆಯ ಮೇಲೊಂದು ಅಡ್ಡಗೆರೆ ಎಳೆಯುತ್ತಿದ್ದರು. ಎಲ್‌ಬಿಗೂ ಎಳೆದರು. ಹಾಗೆ ಹುಟ್ಟಿದ್ದು ℔ ಎಂಬ ಚಿಹ್ನೆ. ಎಲ್ ಮತ್ತು ಬಿ ಎರಡಕ್ಕೂ ಒಂದೊಂದು ಉದ್ದ ಕಾಲು ಇದೆ, ಗಮನಿಸಿ. ಅವೆರಡರ ಮೇಲೂ ಹಾದುಹೋಗುವ ಹಾಗೆ ಗೆರೆ. ಈಗ ಇದನ್ನೇ ದಿನವಿಡೀ, ಗಡಿಬಿಡಿಯಲ್ಲಿ, ಪೆನ್ನು ಎತ್ತದೆ ಬರೆಯುತ್ತಾ ಹೋಗಿ. ಬಿ ಅಕ್ಷರದ ಹೊಟ್ಟೆ ಚಪ್ಪಟೆಯಾಗಿ ಕೆಳಗಿನ ಅಡ್ಡಗೆರೆಯಾಗುತ್ತದೆ. ಮೇಲೆ ಮೊದಲೇ ಒಂದು ಗೆರೆ ಇದೆ. ಎರಡು ಕಾಲು, ಎರಡು ಅಡ್ಡಗೆರೆ. # ಸಿದ್ಧ. ಐಸಾಕ್ ನ್ಯೂಟನ್ ಅವರ ಕೈಬರಹದ ಹಾಳೆಯೊಂದರಲ್ಲಿ ಈ ಬದಲಾವಣೆ ಅರ್ಧದಾರಿಯಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಅದು ಎಲ್‌ಬಿ ಅಂತ ಗೊತ್ತಿದ್ದವರಿಗೆ ಎಲ್‌ಬಿ, ಗೊತ್ತಿಲ್ಲದವರಿಗೆ ಆಗಲೇ ಹ್ಯಾಶ್.

ಅಂದರೆ ಅಮೆರಿಕನ್ನರು ಇದನ್ನು ‘ಪೌಂಡ್’ ಅನ್ನುವುದರಲ್ಲಿ ತಪ್ಪಿಲ್ಲ. ಅವರು ಹೇಳುವುದು ಹಣದ ಪೌಂಡ್ ಅಲ್ಲ, ತೂಕದ ಪೌಂಡ್. 19ನೇ ಶತಮಾನದ ಅಮೆರಿಕದ ಲೆಕ್ಕಪತ್ರಗಳಲ್ಲಿ ಇದಕ್ಕೆ ಎರಡು ಕೆಲಸವಿತ್ತು. ಅಂಕಿಗಿಂತ ಮೊದಲು ಬಂದರೆ ‘ನಂಬರ್’, ಅಂಕಿಯ ನಂತರ ಬಂದರೆ ‘ಪೌಂಡ್’. #5 ಅಂದರೆ ಐದನೇ ನಂಬರಿನದು, 5# ಅಂದರೆ ಐದು ಪೌಂಡ್ ತೂಕ. ಲೆಕ್ಕ ಬರೆಯುವವರಿಗೆ ಇದು ಎಷ್ಟು ಬೇಕಿತ್ತು ಅಂದರೆ 1886ರ ಸುಮಾರಿನ ರೆಮಿಂಗ್ಟನ್ ಟೈಪ್‌ರೈಟರಿನಲ್ಲೇ ಇದಕ್ಕೊಂದು ಕೀಲಿ ಕೊಟ್ಟಿದ್ದರು. ಆಮೇಲೆ ತೂಕಕ್ಕೆ # ಬರೆಯುವ ರೂಢಿ ನಿಧಾನವಾಗಿ ಕಡಿಮೆಯಾಯಿತು. ಕೀಲಿ ಮಾತ್ರ ಉಳಿಯಿತು. ಅದು ಉಳಿದದ್ದೇ ಮುಂದಿನ ಎಲ್ಲ ಕತೆಗೂ ಮೂಲ.

ಇಲ್ಲೊಂದು ಸ್ವಾರಸ್ಯ. ನಿಮ್ಮ ಬ್ರಿಟಿಷ್ ಗ್ರಾಹಕರು ಹುಡುಕುವ £ ಕೂಡ ಅದೇ ಲಿಬ್ರಾದ ಮಗು. ಲಿಬ್ರಾದ ಮೊದಲ ಅಕ್ಷರ ಎಲ್, ಅದರ ಮೇಲೆ ಮೊಟಕು ಮಾಡಿದ್ದನ್ನು ತೋರಿಸುವ ಅಡ್ಡಗೆರೆ. ಒಂದು ಪೌಂಡ್ ತೂಕದ ಬೆಳ್ಳಿಯ ಬೆಲೆ ಎಂಬ ಲೆಕ್ಕದಲ್ಲಿ ಹಣಕ್ಕೂ ಅದೇ ಹೆಸರು ಬಂದಿತ್ತು. ಹಾಗಾಗಿ # ಮತ್ತು £ ಒಂದೇ ಮನೆಯವು. ಜಗಳ ಶುರುವಾದದ್ದು ಕೀಲಿಮಣೆಯ ಮೇಲೆ. ಅಮೆರಿಕದ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿ 3 ಒತ್ತಿದರೆ # ಬರುತ್ತದೆ. ಬ್ರಿಟನ್ನಿನದರಲ್ಲಿ ಅದೇ ಜಾಗದಲ್ಲಿ £ ಬರುತ್ತದೆ. ಅವರ # ಕೀಲಿ ಎಂಟರ್ ಪಕ್ಕಕ್ಕೆ ಹೋಗಿದೆ. ಕೀಲಿಯಷ್ಟೇ ಅಲ್ಲ, ಒಳಗಿನ ಸಂಖ್ಯೆಯೂ ಹೀಗೇ. ಆಸ್ಕಿ ಎಂಬ ಹಳೆಯ ಅಕ್ಷರಸಂಕೇತದಲ್ಲಿ # ಚಿಹ್ನೆಯ ಸಂಖ್ಯೆ 35. ಬ್ರಿಟನ್ ತನಗಾಗಿ ಮಾಡಿಕೊಂಡ ಆವೃತ್ತಿಯಲ್ಲಿ ಅದೇ 35ರಲ್ಲಿ £ ಕೂರಿಸಿತ್ತು. ಹಾಗಾಗಿ ಒಂದು ಕಡೆ # ಎಂದು ಕಳಿಸಿದ್ದು ಇನ್ನೊಂದು ಕಡೆ £ ಎಂದು ಮೂಡುತ್ತಿತ್ತು. ‘ಪೌಂಡ್’ ಪದ ಕೇಳಿ ಗೊಂದಲಪಡುವ ನಿಮ್ಮ ಗ್ರಾಹಕರ ಹಾಗೆಯೇ ಯಂತ್ರಗಳೂ ಗೊಂದಲಪಟ್ಟಿದ್ದವು ಅನ್ನಿ. ರಷ್ಯನ್ ಕೀಲಿಮಣೆಯಲ್ಲಿ ಶಿಫ್ಟ್ 3 ಒತ್ತಿದರೆ № ಬರುತ್ತದೆ, ಅಂದರೆ ‘ನಂಬರ್’. # ಮಾಡುವ ಕೆಲಸವನ್ನೇ ಅಲ್ಲಿ ಬೇರೆ ಚಿಹ್ನೆ ಮಾಡುತ್ತದೆ.

ಇನ್ನು ಫೋನಿಗೆ ಬರೋಣ. ಒತ್ತುವ ಗುಂಡಿಯ ಫೋನ್ ಅಮೆರಿಕದಲ್ಲಿ 1963ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿದ್ದದ್ದು ಹತ್ತೇ ಗುಂಡಿ, 1ರಿಂದ 9 ಮತ್ತು 0. ಪ್ರತಿ ಗುಂಡಿ ಒತ್ತಿದಾಗಲೂ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಒಂದು ಆ ಗುಂಡಿ ಇರುವ ಅಡ್ಡಸಾಲಿನದು, ಇನ್ನೊಂದು ಉದ್ದಸಾಲಿನದು. ನಾಲ್ಕು ಅಡ್ಡಸಾಲು, ಮೂರು ಉದ್ದಸಾಲು ಅಂದರೆ ಹನ್ನೆರಡು ಗುಂಡಿಗೆ ಜಾಗ ಇದೆ. ಕೊನೆಯ ಸಾಲಿನಲ್ಲಿ ಸೊನ್ನೆಯ ಆಚೆ ಈಚೆ ಖಾಲಿ. 1968ರಲ್ಲಿ ಆ ಎರಡು ಜಾಗಗಳಿಗೆ * ಮತ್ತು # ಬಂದವು. ಇವತ್ತಿಗೂ ನೀವು # ಒತ್ತಿದರೆ 941 ಹರ್ಟ್ಸ್ ಮತ್ತು 1477 ಹರ್ಟ್ಸ್‌ನ ಎರಡು ಸ್ವರ ಜೊತೆಯಾಗಿ ಕೇಳುತ್ತವೆ. ಎಕ್ಸ್‌ಚೇಂಜ್‌ನ ಯಂತ್ರ ಆ ಜೋಡಿಯನ್ನು ಗುರುತಿಸಿ ‘ಓ, ಇದು ಆ ಗುಂಡಿ’ ಅಂತ ತಿಳಿದುಕೊಳ್ಳುತ್ತದೆ.

ಈ ಗುಂಡಿಗಳನ್ನು ಸೇರಿಸಿದ್ದೇ ಫೋನಿನಿಂದ ಕಂಪ್ಯೂಟರ್ ಜೊತೆ ಮಾತಾಡಲಿ ಅಂತ. ಉದಾಹರಣೆಗೆ ಖಾತೆಯ ಸಂಖ್ಯೆಯನ್ನು ಒತ್ತುತ್ತೀರಿ ಅಂದುಕೊಳ್ಳಿ. ಎಂಟು ಅಂಕಿಯೋ ಹನ್ನೆರಡು ಅಂಕಿಯೋ, ಆಚೆ ಇರುವ ಯಂತ್ರಕ್ಕೆ ಗೊತ್ತಿಲ್ಲ. ‘ಮುಗಿಯಿತು’ ಎಂದು ಹೇಳಲು ಅಂಕಿಯಲ್ಲದ ಒಂದು ಗುಂಡಿ ಬೇಕೇ ಬೇಕು. ‘ಸಂಖ್ಯೆ ನಮೂದಿಸಿ, ನಂತರ ಹ್ಯಾಶ್ ಒತ್ತಿ’ ಎಂಬ ಧ್ವನಿ ಇರುವುದು ಅದಕ್ಕೇ.

ಅಮೆರಿಕದ ಫೋನ್ ಕಂಪನಿಯಾದ ಬೆಲ್‌ನವರು ಈ ಗುಂಡಿಗಳಿಗೆ ಮೊದಲು ಬೇರೆ ಚಿತ್ರಗಳನ್ನು ಯೋಚಿಸಿದ್ದರು, ವಜ್ರದಾಕಾರ ಮತ್ತು ನಕ್ಷತ್ರ. ಅದರ ಸಂಶೋಧನಾ ವಿಭಾಗವಾದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಎಂಜಿನಿಯರ್ ಡಗ್ಲಸ್ ಕೆರ್ ಹೇಳುವ ಪ್ರಕಾರ, ಅಂಥ ಆಕಾರಗಳು ಟೈಪ್‌ರೈಟರಿನಲ್ಲೂ ಇಲ್ಲ, ಆಸ್ಕಿಯಲ್ಲೂ ಇಲ್ಲ, ಕೈಪಿಡಿಯಲ್ಲಿ ಅಚ್ಚು ಮಾಡುವುದು ಹೇಗೆ ಅಂತ ಅವರೇ ತಕರಾರು ತೆಗೆದರು. ಆಗ ಕಣ್ಣಿಗೆ ಬಿದ್ದದ್ದು * ಮತ್ತು #. ಎರಡೂ ಕೀಲಿಮಣೆಯ ಮೇಲಿವೆ, ಎರಡಕ್ಕೂ ಅಂಥ ದೊಡ್ಡ ಕೆಲಸವಿಲ್ಲ.

ಆಕ್ಟೋಥಾರ್ಪ್ ಹುಟ್ಟಿದ್ದು ಇದೇ ಕಚೇರಿಗಳ ಹರಟೆಯಲ್ಲಿ. ‘ಆಕ್ಟೋ’ ಅಂದರೆ ಎಂಟು, ಚಿಹ್ನೆಯ ಎಂಟು ತುದಿಗಳಿಗಾಗಿ. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ‘ಥಾರ್ಪ್’ ಎಲ್ಲಿಂದ ಬಂತು ಅನ್ನುವುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ. ಒಂದು ಕತೆಯಲ್ಲಿ ನಾಯಕ ಡಾನ್ ಮ್ಯಾಕ್‌ಫರ್ಸನ್ ಎಂಬ ಬೆಲ್ ಲ್ಯಾಬ್ಸ್ ಎಂಜಿನಿಯರ್. ಮೇಯೋ ಕ್ಲಿನಿಕ್ ಎಂಬ ಆಸ್ಪತ್ರೆಯವರಿಗೆ ಹೊಸ ಫೋನ್ ವ್ಯವಸ್ಥೆ ಹೇಳಿಕೊಡಬೇಕಿತ್ತು. # ಗುಂಡಿಯನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ ಬಂತು. ಥೇಟ್ ನಿಮ್ಮದೇ ಪ್ರಶ್ನೆ! ಅವರು ಅಮೆರಿಕದ ಕ್ರೀಡಾಪಟು ಜಿಮ್ ಥಾರ್ಪ್ ಅವರ ಅಭಿಮಾನಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಥಾರ್ಪ್ ಎರಡು ಚಿನ್ನ ಗೆದ್ದಿದ್ದರು, ಮುಂದಿನ ವರ್ಷ ಅವನ್ನು ಕಿತ್ತುಕೊಳ್ಳಲಾಗಿತ್ತು. ಆ ಪದಕಗಳನ್ನು ವಾಪಸ್ ಕೊಡಿಸುವ ಪ್ರಯತ್ನದಲ್ಲಿ ಮ್ಯಾಕ್‌ಫರ್ಸನ್ ಕೂಡ ಇದ್ದರಂತೆ. ಅದಕ್ಕೇ ಆಕ್ಟೋ ಜೊತೆ ಥಾರ್ಪ್ ಸೇರಿಸಿದರಂತೆ.

ಕೆರ್ ಹೇಳುವ ಕತೆಯೇ ಬೇರೆ. ಅವರ ಇಬ್ಬರು ಸಹೋದ್ಯೋಗಿಗಳು ಬೇಕೆಂದೇ ‘ಆಕ್ಟಾಥರ್ಪ್’ ಎಂದು ಹೆಸರಿಟ್ಟರಂತೆ, ಅದರಲ್ಲೊಂದು ‘ಥ’ ತೂರಿಸಿ, ಬೇರೆ ಭಾಷೆಯವರ ನಾಲಿಗೆ ತಡವರಿಸಲಿ ಎಂಬ ಕಿಡಿಗೇಡಿತನಕ್ಕೆ. ಮೂರನೆಯ ಕತೆ ಅಂತರ್ಜಾಲದಲ್ಲಿ ಜಾಸ್ತಿ ಓಡಾಡುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಥಾರ್ಪ್’ ಅಂದರೆ ಹಳ್ಳಿ, ನಡುವೆ ಹಳ್ಳಿ, ಸುತ್ತ ಎಂಟು ಹೊಲ, ಅದೇ ಆಕ್ಟೋಥಾರ್ಪ್ ಅನ್ನುತ್ತದೆ ಅದು. ಥಾರ್ಪ್ ಅಂದರೆ ಹಳ್ಳಿ ಅನ್ನುವುದು ನಿಜ. ಉಳಿದದ್ದು ಆಮೇಲೆ ಕೂತು ಹೊಸೆದದ್ದು. 1960ರ ದಶಕಕ್ಕಿಂತ ಹಿಂದಿನ ಒಂದು ಕಾಗದದಲ್ಲೂ ಈ ಪದ ಸಿಕ್ಕಿಲ್ಲ. ಅಷ್ಟು ಪುರಾತನದ್ದಾಗಿದ್ದರೆ ಎಲ್ಲಾದರೂ ಇಣುಕಬೇಕಿತ್ತು, ಅಲ್ವಾ? ನನ್ನ ಒಲವು ಕೆರ್ ಅವರ ಕತೆಯ ಕಡೆ. ಮ್ಯಾಕ್‌ಫರ್ಸನ್ ಕತೆ ಚೆಂದ ಇದೆ, ಅದೇ ಅದರ ಮೇಲೆ ನನಗಿರುವ ಅನುಮಾನ.

ಎಂಟು ಹೊಲದ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಹಳ್ಳಿ ಹೊಲಗಳ ಆ ಚಿತ್ರ ಇಂಗ್ಲೆಂಡಿನಲ್ಲಿ ಕಟ್ಟುಕತೆಯಾದರೂ ಚೀನಾದಲ್ಲಿ ಹಳೆಯ ಗ್ರಂಥಗಳಲ್ಲಿದೆ. ಚೀನೀ ಲಿಪಿಯಲ್ಲಿ ಬಾವಿ ಎಂಬುದಕ್ಕೆ ಬರೆಯುವ ಅಕ್ಷರ ಹೆಚ್ಚುಕಮ್ಮಿ # ಥರವೇ ಇದೆ. ಉಚ್ಚಾರ ‘ಜಿಂಗ್’. ಹಾಗಾಗಿ ಚೀನಾದವರು # ಚಿಹ್ನೆಯನ್ನು ‘ಜಿಂಗ್ ಅಕ್ಷರದ ಗುರುತು’ ಎಂದೇ ಕರೆಯುತ್ತಾರೆ. ಝೌ ಅರಸರ ಕಾಲದ ಭೂಮಿ ಹಂಚಿಕೆಯ ಬಗ್ಗೆ ಮೆನ್ಸಿಯಸ್ ಎಂಬ ಚಿಂತಕ ಬರೆದಿದ್ದಾನೆ. ಭೂಮಿಯನ್ನು ಇದೇ ಅಕ್ಷರದ ಆಕಾರದಲ್ಲಿ ಒಂಬತ್ತು ತುಂಡು ಮಾಡಬೇಕು. ಸುತ್ತಲಿನ ಎಂಟು ತುಂಡು ಎಂಟು ಮನೆಯವರಿಗೆ, ನಡುವಿನದು ಎಲ್ಲರೂ ಸೇರಿ ಉಳುವ ಹೊಲ. ಆಕ್ಟೋಥಾರ್ಪ್ ಹಳ್ಳಿಯನ್ನು ಹೊಸೆದವರಿಗೆ ಇದು ಗೊತ್ತಿದ್ದಿದ್ದರೆ ಬಿಡುತ್ತಿರಲಿಲ್ಲ.

ಬೇರೆ ಭಾಷೆಯವರೂ ನೋಡಿದ್ದನ್ನೇ ಹೆಸರು ಮಾಡಿದ್ದಾರೆ. ಡಚ್ಚರಿಗೆ ಇದು ಪುಟ್ಟ ಬೇಲಿ, ಇಟಲಿಯವರಿಗೆ ಪುಟ್ಟ ಗೇಟು, ರಷ್ಯನ್ನರಿಗೆ ಜಾಲರಿ. ಹೀಬ್ರೂ ಭಾಷೆಯಲ್ಲಿ ಪುಟ್ಟ ಏಣಿ. ಸ್ಪೇನಿನವರು ಪುಟ್ಟ ದಿಂಬು ಅನ್ನುತ್ತಾರೆ. ದಿಂಬು ಹೇಗೆ ಅಂತ ನನ್ನನ್ನು ಕೇಳಬೇಡಿ! ಸ್ವೀಡನ್ನಿನವರದು ನನಗೆ ಎಲ್ಲಕ್ಕಿಂತ ಇಷ್ಟ. ಅವರು ಇದನ್ನು ಮರದ ಹಲಗೆಗಳನ್ನು ಅಡ್ಡಡ್ಡ ಪೇರಿಸಿಡುವ ಅಂಗಳ ಎಂದು ಕರೆಯುತ್ತಾರೆ.

‘ಹ್ಯಾಶ್’ ಕೂಡ ಬಹುಶಃ ನೋಡಿ ಇಟ್ಟ ಹೆಸರೇ. ಚಿತ್ರ ಕೊರೆಯುವವರು ನೆರಳು ತೋರಿಸಲು ಗೆರೆಗಳ ಮೇಲೆ ಗೆರೆ ಎಳೆಯುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಚ್’ ಎನ್ನುತ್ತಾರೆ. ಅದು ಬಾಯಿಂದ ಬಾಯಿಗೆ ಹೋಗಿ ‘ಹ್ಯಾಶ್’ ಆಯಿತು ಎಂದು ನಿಘಂಟುಕಾರರು ಹೇಳುತ್ತಾರೆ. ಕಂಪ್ಯೂಟರ್ ಓದಿದವರು ‘ಹ್ಯಾಶ್ ಫಂಕ್ಷನ್’ ಎಂಬುದನ್ನು ಕೇಳಿರುತ್ತಾರೆ. ಮಾಹಿತಿಯನ್ನು ಕೊಚ್ಚಿ ಕಲಸಿ ಒಂದು ಚಿಕ್ಕ ಸಂಖ್ಯೆ ಮಾಡುವ ವಿಧಾನ ಅದು. ಅದಕ್ಕೂ # ಚಿಹ್ನೆಗೂ ಸಂಬಂಧವಿಲ್ಲ. ತೀರಾ ಹಿಂದಕ್ಕೆ ಹೋದರೆ ಎರಡು ಪದಗಳೂ ‘ಕೊಚ್ಚು’ ಎಂಬ ಅರ್ಥದ ಒಂದೇ ಫ್ರೆಂಚ್ ಪದಕ್ಕೆ ಹೋಗಿ ಮುಟ್ಟುತ್ತವೆ, ಅಷ್ಟೇ.

ಕಂಪ್ಯೂಟರಿನವರು ಈ ಚಿಹ್ನೆಯಿಂದ ಮಾಡಿಸಿದ ಕೆಲಸ ಒಂದೆರಡಲ್ಲ. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಶುರುವಿನ ಆವೃತ್ತಿಗಳಲ್ಲಿ # ಅಳಿಸುವ ಕೀಲಿಯಾಗಿತ್ತು. ಆಗ ಪರದೆ ಇರಲಿಲ್ಲ, ಟೈಪ್ ಮಾಡಿದ್ದೆಲ್ಲ ನೇರ ಕಾಗದದ ಮೇಲೆ ಬೀಳುತ್ತಿತ್ತು. ಕಾಗದದ ಮೇಲೆ ಬಿದ್ದ ಅಕ್ಷರವನ್ನು ಅಳಿಸುವುದು ಹೇಗೆ? ಅಳಿಸುವುದಿಲ್ಲ, ಪಕ್ಕದಲ್ಲಿ # ಒತ್ತಿ ‘ಹಿಂದಿನದು ಲೆಕ್ಕಕ್ಕಿಲ್ಲ’ ಎಂದು ಹೇಳುವುದು. ಕನ್ನಡದಲ್ಲೇ ತೋರಿಸುವುದಾದರೆ ‘ಕಪ#ಮಲ’ ಎಂದು ಒತ್ತಿದರೆ ಯಂತ್ರ ‘ಕಮಲ’ ಎಂದು ಓದಿಕೊಳ್ಳುತ್ತಿತ್ತು. ಎರಡು ಅಕ್ಷರ ತಪ್ಪಿದರೆ ##. ಯೂನಿಕ್ಸ್ ಕಟ್ಟಿದವರೇ ರೂಪಿಸಿದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವು ಸಾಲುಗಳು ಶುರುವಾಗುವುದೇ # ಚಿಹ್ನೆಯಿಂದ. ಹಾಗಾಗಿ ನಿಜವಾದ # ಬೇಕೆಂದರೆ ಅದಕ್ಕೂ ಮೊದಲು ಇನ್ನೊಂದು ಗುರುತು ಹಾಕಿ ‘ಇದು ಅಳಿಸಲು ಅಲ್ಲಪ್ಪಾ’ ಎಂದು ಯಂತ್ರಕ್ಕೆ ತಿಳಿಸಬೇಕಿತ್ತು. ಕೀಲಿಮಣೆಯಲ್ಲಿ ಬಿಡಿ ಚಿಹ್ನೆಗಳು ಎಷ್ಟು ಕಡಿಮೆ ಇದ್ದವು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಇವತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ # ಹಾಕಿದ ಮೇಲೆ ಬರೆದದ್ದು ಟಿಪ್ಪಣಿ, ವೆಬ್ ಪುಟದ ಬಣ್ಣಗಳ ಸಂಖ್ಯೆಗೆ ಮುಂದೆ #, ವಿಳಾಸದ ಕೊನೆಯಲ್ಲಿ ಪುಟದ ನಿರ್ದಿಷ್ಟ ಭಾಗ ತೋರಿಸಲೂ #.

ಈಗ ಹ್ಯಾಶ್‌ಟ್ಯಾಗ್. ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ 1988ರಲ್ಲಿ ಐಆರ್‌ಸಿ ಎಂಬ ಹರಟೆ ವ್ಯವಸ್ಥೆ ಕಟ್ಟಿದರು. ಅದರಲ್ಲಿ ಹರಟೆ ಕೋಣೆಗಳ ಹೆಸರಿನ ಮುಂದೆ # ಹಾಕುವ ಪದ್ಧತಿ ಬೆಳೆಯಿತು. ಅದನ್ನು ಬಳಸಿ ಗೊತ್ತಿದ್ದ ಕ್ರಿಸ್ ಮೆಸಿನಾ 2007ರ ಆಗಸ್ಟ್ 23ರಂದು ಟ್ವಿಟರ್‌ನಲ್ಲಿ ಒಂದು ಸಾಲಿನ ಸಲಹೆ ಹಾಕಿದರು. ಗುಂಪುಗಳಿಗೆ # ಬಳಸಿದರೆ ಹೇಗೆ ಅಂತ. ಅವರು ಅಮೆರಿಕದವರಲ್ಲವೇ, ಚಿಹ್ನೆಯ ಪಕ್ಕ ಕಂಸದಲ್ಲಿ ‘ಪೌಂಡ್’ ಎಂದೇ ಬರೆದಿದ್ದರು! ಅವರ ಮಾತೇ ಓಡಿದ್ದರೆ ಇವತ್ತು ಎಲ್ಲರೂ ‘ಪೌಂಡ್‌ಟ್ಯಾಗ್’ ಅನ್ನುತ್ತಿದ್ದೆವು. ಕೆಲವೇ ದಿನಗಳಲ್ಲಿ ಸ್ಟೋ ಬಾಯ್ಡ್ ಎಂಬ ಬರಹಗಾರ ‘ಹ್ಯಾಶ್ ಟ್ಯಾಗ್’ ಎಂದು ಬಳಸಿದರು, ಅದು ಅಂಟಿಕೊಂಡಿತು. ಅದೇ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋ ಕಾಳ್ಗಿಚ್ಚಿನ ಸುದ್ದಿಯನ್ನು ಒಂದೇ ಟ್ಯಾಗ್ ಅಡಿ ಹಾಕುತ್ತಾ ಹೋದಾಗ ಇದರ ಉಪಯೋಗ ಜನಕ್ಕೆ ಕಂಡಿತು. 2009ರಲ್ಲಿ ಟ್ವಿಟರ್ ಟ್ಯಾಗ್‌ಗಳನ್ನು ಲಿಂಕ್ ಮಾಡಿತು. 2012ರ ಪದವಾಗಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ ಎಂಬ ಭಾಷಾ ಅಧ್ಯಯನ ಸಂಸ್ಥೆ ಆರಿಸಿದ್ದು ‘ಹ್ಯಾಶ್‌ಟ್ಯಾಗ್’.

ಹಾಗಾಗಿ ಲೆಕ್ಕ ಸರಳ. # ಒಂಟಿಯಾಗಿದ್ದರೆ ಹ್ಯಾಶ್. ಅದಕ್ಕೆ ಪದ ಅಂಟಿಕೊಂಡಾಗ ಮಾತ್ರ, ಎರಡೂ ಸೇರಿ, ಹ್ಯಾಶ್‌ಟ್ಯಾಗ್. ಫೋನಿನ ಗುಂಡಿಯಲ್ಲಿ ಪದವೇ ಇಲ್ಲ. ಹೊಸಬರನ್ನು ಮೆಲ್ಲಗೆ ತಿದ್ದಿ, ಆದರೆ ಗ್ರಾಹಕರೇ ‘ಹ್ಯಾಶ್‌ಟ್ಯಾಗ್ ಗುಂಡಿನಾ?’ ಎಂದು ಕೇಳಿದರೆ ಹೌದು ಅಂದುಬಿಡಿ.

ನಿಮ್ಮ ಪ್ರೋಗ್ರಾಮರ್ ಗೆಳೆಯನ ಶಾರ್ಪ್ ಒಂದು ಉಳಿಯಿತು. ಪಾಶ್ಚಾತ್ಯ ಸಂಗೀತದಲ್ಲಿ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು ♯. ಇದನ್ನೂ #ಅನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹ್ಯಾಶ್‌ನಲ್ಲಿ ಅಡ್ಡಗೆರೆಗಳು ನೆಟ್ಟಗೆ ಮಲಗಿರುತ್ತವೆ, ನಿಂತ ಗೆರೆಗಳು ವಾಲಿರುತ್ತವೆ. ಶಾರ್ಪ್‌ನಲ್ಲಿ ಉಲ್ಟಾ, ನಿಂತ ಗೆರೆಗಳು ನೆಟ್ಟಗೆ, ಅಡ್ಡಗೆರೆಗಳು ಮೇಲಕ್ಕೆ ಓರೆ. ಸ್ವರಲಿಪಿಯಲ್ಲಿ ಐದು ಅಡ್ಡಗೆರೆಗಳು ಮೊದಲೇ ಇರುತ್ತವಲ್ಲ, ಶಾರ್ಪ್‌ನ ಗೆರೆಯೂ ಮಟ್ಟಸವಾಗಿದ್ದರೆ ಅವುಗಳಲ್ಲಿ ಮುಳುಗಿಹೋಗುತ್ತಿತ್ತು. ಹುಟ್ಟೂ ಬೇರೆ. ಶಾರ್ಪ್ ಬಂದದ್ದು ಮಧ್ಯಯುಗದ ಸಂಗೀತಗಾರರು ಬರೆಯುತ್ತಿದ್ದ ಚೌಕಾಕಾರದ ಬಿ ಅಕ್ಷರದಿಂದ, ತಕ್ಕಡಿಗೂ ಅದಕ್ಕೂ ಸಂಬಂಧವಿಲ್ಲ. ಮೈಕ್ರೋಸಾಫ್ಟ್ ತನ್ನ ಪ್ರೋಗ್ರಾಮಿಂಗ್ ಭಾಷೆಗೆ ‘ಸಿ ಶಾರ್ಪ್’ ಎಂದು ಹೆಸರಿಟ್ಟಿತು, ಆದರೆ ♯ ಯಾವ ಸಾಮಾನ್ಯ ಕೀಲಿಮಣೆಯಲ್ಲೂ ಇಲ್ಲ. ಹಾಗಾಗಿ ಬರೆಯುವುದು ಹ್ಯಾಶ್, ಓದುವುದು ಶಾರ್ಪ್ ಎಂಬ ಏರ್ಪಾಡಾಯಿತು. ಆ ಭಾಷೆಯ ಅಧಿಕೃತ ದಾಖಲೆಯಲ್ಲೂ ಹೀಗೇ ಇದೆ. ನಿಮ್ಮ ಗೆಳೆಯನಿಗೆ ಅಭ್ಯಾಸಬಲ, ಅಷ್ಟೇ.

ನಿಮ್ಮ ಕೆಲಸಕ್ಕೆ: ಅಮೆರಿಕ, ಕೆನಡಾದ ಕರೆಗಳಿಗೆ ‘ಪೌಂಡ್’ ಅನ್ನಿ, ಮಿಕ್ಕವರಿಗೆ ‘ಹ್ಯಾಶ್’. ಯಾವ ದೇಶ ಅಂತ ಗೊತ್ತಾಗದಿದ್ದರೆ, ಅಥವಾ ಆಚೆ ಕಡೆಯವರು ಒಂದು ಕ್ಷಣ ಸುಮ್ಮನಾದರೆ, ಹೆಸರನ್ನು ಬಿಟ್ಟು ಜಾಗ ಹೇಳಿ: ‘ಸೊನ್ನೆಯ ಬಲಕ್ಕಿರುವ ಗುಂಡಿ’.